ಹಾಜರಿ ಪುಸ್ತಕ

ಭಾನುವಾರ ಏಳೂಕಾಲು. ಅಮಾನಿಕೆರೆ ಏರಿಯಿಂದ ಇಳಿದು
ಕ್ಯಾಂಟೀನಿನ ಕಲ್ಲುಬೆಂಚಿನ ಮೇಲೆ
ಬೂಟು ಬಿಚ್ಚುತ್ತೇವೆ ಎಲ್ಲರೂ.
ಬಾಯಿ ಬಿಚ್ಚುವುದು ಆಮೇಲೆ.

ರಂಗಧಾಮಯ್ಯ, ಊರ್ಡಿಗೆರೆಯ ಡ್ರಿಲ್ ಮೇಷ್ಟ್ರು,
ರಿಟೈರಾಗಿ ಬರುವಾಗ ಶಾಲೆಯಿಂದ ತಂದದ್ದು ಒಂದೇ,
ಬರೆಯದೆ ಉಳಿದಿದ್ದ ಹಾಜರಿ ಪುಸ್ತಕ.
ಹೆಸರು. ಕಿಲೋಮೀಟರು.
ಕೊನೆಯ ಮನೆಯಲ್ಲಿ 'ಜಾತಿ' ಅಂತ ಅಚ್ಚಾಗಿತ್ತು,
ಅಡ್ಡಗೀಟು ಹೊಡೆದು
'ನೋವು' ಅಂತ ತಿದ್ದಿದ್ದಾರೆ.

ಹೇಳಮ್ಮ, ಪುಟ್ಟಗಂಗಮ್ಮ.
"ಮೂವತ್ತೆಂಟು, ಸಾ. ಬಲಗಡೆ ಮಂಡಿ."
ಮಂಡಿಯ ಒಳಗೋ, ಹೊರಗೋ?
"ಇಳಿಜಾರಲ್ಲಿ ಹೊರಗೆ. ಏರುವಾಗ ಎಲ್ಲೂ ಇಲ್ಲ."
ಹಾಗಾದರೆ ಇಳೀಬೇಡ ಕಣಮ್ಮ, ಅಂದ ಸಿಲಿಂಡರ್ ಚಿದಾನಂದ,
ದುರ್ಗದ ಮೇಲೇ ಇದ್ದುಬಿಡು, ನರಸಿಂಹಸ್ವಾಮಿ ಜೊತೆ.
ಆಕೆ ನಗಲಿಲ್ಲ. ಪೊರಕೆ ಹಿಡಿದು
ಬಟವಾಡಿಯಿಂದ ದಿನಾ ಗುಡಿಸುವ ನಾಲ್ಕು ಕಿಲೋಮೀಟರನ್ನೂ
ಲೆಕ್ಕಕ್ಕೆ ಸೇರಿಸಿ ಅಂತ ಅವಳ ಹಟ.
ಮೇಷ್ಟ್ರು ಒಂದು ವಾರ ಯೋಚಿಸಿ
ಅರ್ಧ ಸೇರಿಸಿದ್ದಾರೆ.

ಎಲ್‌ಐಸಿ ನಯಾಜ್: ಐವತ್ತೆರಡು. ನೋವು ಇಲ್ಲ.
ಹೋದ ವಾರವೂ ಇರಲಿಲ್ಲ, ಅದರ ಹಿಂದಿನ ವಾರವೂ.
ಏರಿಯ ಮೆಟ್ಟಿಲನ್ನು ಅವನು
ಏಡಿಯ ಹಾಗೆ ಅಡ್ಡಡ್ಡ ಇಳಿಯುವುದನ್ನು
ನೋಡದವರು ನಮ್ಮಲ್ಲಿ ಯಾರೂ ಇಲ್ಲ.

ನನ್ನ ಸರದಿ ಬರುತ್ತಿದೆ.
ಚಿಕ್ಕಪೇಟೆಯಲ್ಲಿ ಟೈಲರ್ ನಾನು. ಇವರ ಸೊಂಟ, ತೊಡೆ,
ಓಡಲು ಹಿಡಿದ ಮೇಲೆ ಯಾರ ಪ್ಯಾಂಟು ಎಷ್ಟು ಒಳಗೆ ಹಿಡಿದೆ
ಎಲ್ಲ ನನ್ನ ಟೇಪಿಗೆ ಗೊತ್ತು.
ನನ್ನ ಎಡ ಹಿಮ್ಮಡಿಯೊಂದು ಅಳತೆಗೆ ಸಿಕ್ಕುತ್ತಿಲ್ಲ.

ಬೆಳಗ್ಗೆ ಚಾಪೆಯಿಂದ ಎದ್ದ ಮೊದಲ ಹೆಜ್ಜೆ
ಬಟ್ಟೆಯಲ್ಲಿ ಮರೆತುಬಿಟ್ಟ ಗುಂಡುಸೂಜಿ.
ಎರಡನೆಯದೂ.
ಹತ್ತನೆಯ ಹೊತ್ತಿಗೆ ಮೊನೆ ಮೊಂಡಾಗಿ
ಸೂಜಿ ಮಾತ್ರ ಒಳಗೇ ಇರುತ್ತದೆ.

ಎಕ್ಕದೆಲೆ ಬಿಸಿ ಮಾಡಿ ಕಟ್ಟಿದ್ದಾಯಿತು.
ಗಡ್ಡೆಕಟ್ಟಿದ ನೀರಿನ ಬಾಟಲಿ ಪಾದದಡಿ ಉರುಳಿಸಿದ್ದಾಯಿತು.
ಬಿ.ಎಚ್. ರಸ್ತೆಯ ಡಾಕ್ಟರು ನಾನೂರು ರೂಪಾಯಿ ಇಸಕೊಂಡು
"ಓಡಬೇಡಿ" ಅಂದರು.
ನಾನು ಕೇಳಿದ್ದು ಅದಲ್ಲ,
ಮಿಷನ್ ತುಳಿಯಬಹುದಾ ಅಂತ.
"ದಿನಕ್ಕೆ ಎಷ್ಟು ದೂರ ಆಗುತ್ತೆ ಅದು?"
ಎಷ್ಟಾಗುತ್ತೆ?
ಇಪ್ಪತ್ತಾರು ವರ್ಷ ತುಳಿದಿದ್ದೇನೆ, ಕೂತಲ್ಲೇ.
ಪಾವಗಡ ದಾಟಿರಬೇಕು.
ಎದ್ದು ನೋಡಿದರೆ ಅದೇ ಚಿಕ್ಕಪೇಟೆ.

ಹೋದ ವಾರ ಮೇಷ್ಟ್ರಿಗೆ "ಹನ್ನೆರಡು" ಅಂದಿದ್ದೆ.
ಓಡಿರಲಿಲ್ಲ. ಏರಿಯ ಮೇಲೆ ಕೂತು
ನನ್ನನ್ನು ದಾಟಿಹೋದವರನ್ನು ಎಣಿಸಿದ್ದೆ.
ಹನ್ನೆರಡು ಜನ, ಅಷ್ಟು ಮಾತ್ರ ನಿಜ.

"ಸೊನ್ನೆ, ಸಾ," ಅಂದೆ ಇವತ್ತು.
"ಹೋದ ವಾರದ್ದೂ ಸೊನ್ನೆ."

ಕ್ಯಾಂಟೀನಿನೊಳಗೆ ಯಾರೋ ಲೋಟ ತೊಳೆಯುತ್ತಿದ್ದರು.
ಮೇಷ್ಟ್ರು ತಲೆಯೆತ್ತಲಿಲ್ಲ. ಹಾಳೆ ತಿರುವಿ
ಜೇಬಿನಿಂದ ರಬ್ಬರು ತೆಗೆದು ಹನ್ನೆರಡನ್ನು ಉಜ್ಜಿದರು.
ಆಗ ಕಂಡಿತು:
ಪುಟದ ತುಂಬ ಎಲ್ಲರದ್ದೂ ಇಂಕು.
ನನ್ನದೊಂದು ಪೆನ್ಸಿಲು.
ನನ್ನದೊಂದೇ ಅಲ್ಲ,
ನಯಾಜನ 'ಇಲ್ಲ'ಗಳೂ, ಸಾಲಾಗಿ ಮೂರು.

ಸೊನ್ನೆಯನ್ನು ಇಂಕಿನಲ್ಲಿ ಬರೆದರು, ದುಂಡಗೆ,
ಆಟದ ಮೈದಾನಕ್ಕೆ ಸುಣ್ಣ ಹಾಕುವ ಹಾಗೆ.

ನಯಾಜ್ ಕುತ್ತಿಗೆ ಚಾಚಿ ನೋಡಿದ. ಕೆಮ್ಮಿದ.
ಇಡ್ಲಿಯನ್ನು ಎರಡು ಮಾಡಿದ, ನಾಲ್ಕು ಮಾಡಿದ.
"ಎಡಗಡೆ ಸೊಂಟ, ಸ್ವಲ್ಪ," ಅಂದ,
"ಬರ್ಕೊಳ್ಳಿ."

ಬೂಟಿನ ಲೇಸು ಕಟ್ಟುತ್ತಾ ಪುಟ್ಟಗಂಗಮ್ಮ
ನನ್ನ ಕಡೆ ನೋಡದೆ ಹೇಳಿದಳು:
ಬುಧವಾರ ನಾಲ್ಕೂವರೆಗೆ ಬಟವಾಡಿಗೆ ಬಾ.
ಇನ್ನೊಂದು ಪೊರಕೆ ಇದೆ.
ಮೆಲ್ಲಗೆ ಗುಡಿಸ್ತಾ ನಡಿ, ಹಿಮ್ಮಡಿಗೂ ತೊಂದರೆ ಇಲ್ಲ,
ಹೆಂಗೂ ಅರ್ಧ ಬರ್ಕೋತಾರೆ.